ಹೊರಗೋಡೆಯ ಮರದ ಹಲಗೆ ಬದಲಿಸಲು ಯಾವ ನೇಲ್ ಗನ್? ಹುಬ್ಬಳ್ಳಿ ಪೇಟೆಯಲ್ಲಿ ಕೊಳ್ಳುವವರಿಗೊಂದು ವಿಮರ್ಶೆ

ಹೊರಗೋಡೆಯ ಹಲಗೆ ಬದಲಿಸಲು ನೇಲ್ ಗನ್ (ಮೊಳೆ ಹೊಡೆಯುವ ಯಂತ್ರ) ಬೇಕು ಎಂದು ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಸಾಮಾನ್ಯವಾಗಿ ಮೊದಲು ಕೌಂಟರ್ ಮೇಲೆ ಬರುವುದು ಎಫ್30 ಅಥವಾ ಎಫ್50. ಪ್ಲೈವುಡ್, ಬೀಡಿಂಗ್, ಸೋಫಾ ಚೌಕಟ್ಟಿಗೆ ದಿನವೂ ಓಡುವ ಸರಕು ಅದು. ಅಗ್ಗ, ಹಗುರ, ಮೊಳೆಗೂ ಬರವಿಲ್ಲ. ಆದರೆ ಹೊರಗೋಡೆಗೆ ಅದು ತಪ್ಪು ಗನ್. ಅದರಲ್ಲಿ ಹೊಡೆದ ಹಲಗೆ ಮಳೆಗೆ ಉಬ್ಬಿ ಬಿಸಿಲಿಗೆ ಬಾಗಿದಾಗ ನೋಡಿ: ಮೊಳೆ ಮುರಿದಿರುವುದಿಲ್ಲ, ರೀಪಿನಿಂದ ಕಿತ್ತೂ ಬಂದಿರುವುದಿಲ್ಲ, ನೆಟ್ಟಗೆ ಇದ್ದಲ್ಲೇ ಇರುತ್ತದೆ. ಹಲಗೆ ಮಾತ್ರ ಮೊಳೆಯನ್ನು ಬಿಟ್ಟು ಮುಂದಕ್ಕೆ ಬಂದಿರುತ್ತದೆ. ಹಿಡಿದಿಡಲು ಆ ಮೊಳೆಗೆ ತಲೆಯೇ ಇಲ್ಲವಲ್ಲ.

ಕಲಘಟಗಿ, ಅಳ್ನಾವರ, ಹಾನಗಲ್ ಕಡೆಯ ಅರೆಮಲೆನಾಡಿನ ಮನೆಗಳ ಅಟ್ಟದ ಹೊರಮುಖ, ತೋಟದ ಮನೆ, ಧಾರವಾಡದ ಹೊಸ ಬಡಾವಣೆಗಳ ಮನೆಗಳಲ್ಲಿ ಮುಂಭಾಗಕ್ಕೆ ಹಾಕಿಸುವ ಮರದ ಹೊದಿಕೆ, ಇಂಥ ಕೆಲಸಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಗನ್ ನೋಡಿ ಮೊಳೆ ಆರಿಸಬೇಡಿ, ಮೊಳೆ ಗಟ್ಟಿ ಮಾಡಿಕೊಂಡು ಅದು ಓಡುವ ಗನ್ ಕೊಳ್ಳಿ. ಹಾಗೆ ಹುಡುಕಿದರೆ ಉತ್ತರ ಬಹುಪಾಲು ಒಂದೇ, ಕಾಯಿಲ್ ನೇಲರ್, ಅಂದರೆ ತಂತಿಯಲ್ಲಿ ಪೋಣಿಸಿ ಸುರುಳಿ ಸುತ್ತಿದ ಮೊಳೆ ಓಡಿಸುವ ಗನ್. ಅದರಲ್ಲಿ ಸಿಎನ್55 ಬೇಕೋ ಸಿಎನ್70 ಬೇಕೋ ಎಂಬುದು ನಿಮ್ಮ ಹಲಗೆ ಗೋಡೆಯ ಮೇಲೆ ಹೇಗೆ ಕೂಡುತ್ತದೆ ಎಂಬುದರ ಮೇಲೆ ನಿಂತಿದೆ.

ಮೊಳೆಯ ಲೆಕ್ಕ

ಹೊದಿಕೆ ಹಲಗೆಯ ಮೊಳೆ ಹಲಗೆಯನ್ನು ದಾಟಿದ ಮೇಲೆ ಗಟ್ಟಿ ಮರದೊಳಗೆ ಕನಿಷ್ಠ 30 ಎಂಎಂ ಇಳಿಯಬೇಕು. ನಮ್ಮ ಕಡೆ ಗೋಡೆ ಇಟ್ಟಿಗೆಯದು, ಇಲ್ಲವೇ ಸಿಮೆಂಟ್ ಬ್ಲಾಕಿನದು. ಹಾಗಾಗಿ ಇಲ್ಲಿ ಗಟ್ಟಿ ಮರ ಎಂದರೆ ಗೋಡೆಗೆ ಬಿಗಿದ ರೀಪು ಮಾತ್ರ. ರೀಪು ಒಂದೂವರೆ ಇಂಚು, ಅಂದರೆ 38 ಎಂಎಂ ದಪ್ಪ ಇರಲಿ. ಮರ ಉಳಿಸಲು ಒಂದು ಇಂಚಿನ ರೀಪು ಹಾಕಿದವರ ಕೆಲಸದಲ್ಲಿ ಮೊಳೆಯ ತುದಿ ಪ್ಲಾಸ್ಟರ್‌ಗೆ ಬಡಿದು ಸೊಟ್ಟಗಾಗುತ್ತದೆ, ಹಲಗೆ ಒಂದೆರಡು ಎಂಎಂ ಎದ್ದೇ ನಿಲ್ಲುತ್ತದೆ. ಆಗ ಬೈಗುಳ ತಿನ್ನುವುದು ಗನ್, ತಪ್ಪು ಇರುವುದು ರೀಪಿನಲ್ಲಿ.

ಚಪ್ಪಟೆಯಾಗಿ ಕೂಡುವ ಹಲಗೆ ಇದ್ದರೆ (ಅಂಚಿಗೆ ಅಂಚು ಕಚ್ಚಿಕೊಳ್ಳುವ ಶಿಪ್‌ಲ್ಯಾಪ್, ಟಂಗ್ ಆಂಡ್ ಗ್ರೂವ್) ಲೆಕ್ಕ ಸುಲಭ. ಹಲಗೆ 18 ಎಂಎಂ, ಮೊಳೆ 50 ಎಂಎಂ, ರೀಪಿಗೆ ಇಳಿಯುವುದು 32. ಸಾಕು.

ಒಂದರ ಮೇಲೊಂದು ಹಾಯುವ ಹಲಗೆಗೆ ಇದೇ 50ರ ಮೊಳೆ ಸಾಲದು. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇವೆ. ಹಲಗೆ 150 ಎಂಎಂ ಅಗಲ, ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ 18 ಎಂಎಂ, ಹಾಯುವುದು 30 ಎಂಎಂ ಎಂದಿಟ್ಟುಕೊಳ್ಳಿ. ಮೇಲಿನ ಹಲಗೆಯ ಕೆಳಭಾಗ ಕೆಳಗಿನ ಹಲಗೆಯ ಮೇಲೆ ಕೂತಿರುತ್ತದೆ. ಹಾಗಾಗಿ ಅದು ರೀಪಿಗೆ ತಾಗುವುದು ತನ್ನ ಮೇಲಂಚಿನಲ್ಲಿ ಮಾತ್ರ, ಕೆಳಗೆ ಬಂದಂತೆ ಹಿಂದೆ ಸಂದು ದೊಡ್ಡದಾಗುತ್ತ ಹೋಗುತ್ತದೆ. ಮೊಳೆ ಬೀಳಬೇಕಾದ ಜಾಗ ಕೆಳ ಅಂಚಿನಿಂದ 40 ಎಂಎಂ ಮೇಲೆ. ಅಲ್ಲಿ ಆ ಸಂದು ಸುಮಾರು 16 ಎಂಎಂ. ಈಗ ಕಳೆಯಿರಿ: 50ರಲ್ಲಿ ಹಲಗೆಗೆ 18, ಸಂದಿಗೆ 16 ಹೋದರೆ ರೀಪಿಗೆ ಉಳಿದದ್ದು ಬರೀ 16 ಎಂಎಂ. ಮುಕ್ಕಾಲು ಇಂಚೂ ಇಲ್ಲ. ಇಂಥ ಹಲಗೆಗೆ 65 ಎಂಎಂ ಮೊಳೆ ಬೇಕು, ಆಗ 31 ಎಂಎಂ ಹಿಡಿತ ಸಿಗುತ್ತದೆ. ಮೇಲಂಚು ತೆಳುವಾಗಿ ಕೊಯ್ದ ಹಲಗೆಯಲ್ಲಿ, ಅಂದರೆ ಕೆಳಗೆ 18 ಇದ್ದು ಮೇಲೆ 8 ಎಂಎಂಗೆ ಇಳಿದದ್ದರಲ್ಲಿ, ಸಂದು 7 ಎಂಎಂ ಆಸುಪಾಸು ಇರುತ್ತದೆ. 50ರ ಮೊಳೆ 27 ಎಂಎಂ ಇಳಿಯುತ್ತದೆ. 30ಕ್ಕೆ ಚೂರು ಕಡಿಮೆ, 57 ಹಾಕಿದರೆ ನೆಮ್ಮದಿ.

ಕಡ್ಡಿಯ ದಪ್ಪ 2.3ರಿಂದ 2.5 ಎಂಎಂ ಇರಲಿ. ಅದಕ್ಕಿಂತ ಸಣ್ಣದು ಗಟ್ಟಿ ಮರದಲ್ಲಿ ಬಾಗುತ್ತದೆ, 2.8ಕ್ಕಿಂತ ದಪ್ಪನೆಯದು 18 ಎಂಎಂ ಹಲಗೆಯ ತುದಿಯನ್ನು ಸೀಳುತ್ತದೆ. ತಲೆ ಪೂರ್ತಿ ದುಂಡಗೆ, 5-6 ಎಂಎಂ ಅಗಲ ಬೇಕು. ಕಡ್ಡಿ ನುಣುಪಾಗಿದ್ದರೆ ಬೇಡ. ಪೈನ್‌ನಂಥ ಮೆದು ಮರಕ್ಕೆ ಸುತ್ತ ಬಳೆ ಬಳೆಯಾಗಿ ಗೀರಿರುವ ರಿಂಗ್ ಮೊಳೆ ಒಳ್ಳೆಯದು. ರೀಪು ಮತ್ತಿಯಂಥ ಗಟ್ಟಿ ಮರದ್ದಾಗಿದ್ದರೆ ತಿರುಪಿನ ಗೀರಿರುವ ಸ್ಕ್ರೂ ಮೊಳೆ ಸಲೀಸಾಗಿ ಇಳಿಯುತ್ತದೆ.

ಲೋಹದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಾಯಿಲ್ ಮೊಳೆ ನಮ್ಮ ಪೇಟೆಗೆ ಬರುವುದು ಮುಖ್ಯವಾಗಿ ಪ್ಯಾಲೆಟ್ (ಸರಕಿನ ಅಡಿಗೆ ಇಡುವ ಮರದ ತಟ್ಟೆ) ಮತ್ತು ಪ್ಯಾಕಿಂಗ್ ಪೆಟ್ಟಿಗೆ ಮಾಡುವವರಿಗಾಗಿ. ಆ ಮೊಳೆ ಬರಿ ಕಬ್ಬಿಣದ್ದು, ಇಲ್ಲವೇ ತೆಳ್ಳನೆಯ ಜಿಂಕ್ ಪಾಲಿಶಿನದು. ಪೆಟ್ಟಿಗೆಯ ಆಯುಷ್ಯಕ್ಕೆ ಅದು ಸಾಕು, ಮನೆಯ ಗೋಡೆಗೆ ಸಾಲದು. ಸಾಗವಾನಿ, ಮತ್ತಿ, ಹೊನ್ನೆ ಎಲ್ಲವೂ ಒದ್ದೆಯಾದಾಗ ಕಬ್ಬಿಣದ ಜೊತೆ ಸೇರಿ ಕಪ್ಪು ಕಲೆ ಬಿಡುತ್ತವೆ. ಪ್ರತಿ ಮೊಳೆಯ ತಲೆಯಿಂದ ಕೆಳಕ್ಕೆ ಒಂದೊಂದು ಕಪ್ಪು ಗೆರೆ ಇಳಿಯುತ್ತದೆ. ಮೇಲೆ ಪಾಲಿಶ್ ಬಳಿದರೆ ಅದು ಹೋಗುವುದಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಾಯಿಲ್ ಕೇಳಿ, ತರಿಸಿಕೊಡುತ್ತಾರೆ. ಸಿಗದಿದ್ದರೆ ಬಿಸಿ ಸತುವಿನಲ್ಲಿ ಅದ್ದಿದ ಹಾಟ್ ಡಿಪ್ ಮೊಳೆ, ಅದೂ ಪೇಂಟ್ ಹೊಡೆಯುವ ಹಲಗೆಗೆ ಮಾತ್ರ. ಮರದ ಬಣ್ಣವೇ ಕಾಣುವಂತೆ ಎಣ್ಣೆ ಅಥವಾ ಕ್ಲಿಯರ್ ಪಾಲಿಶ್ ಕೊಡುವುದಿದ್ದರೆ ಸ್ಟೇನ್‌ಲೆಸ್ ಬಿಟ್ಟು ಬೇರೆ ದಾರಿ ಇಲ್ಲ. ಹಾಟ್ ಡಿಪ್ ಮೊಳೆ ಮುಟ್ಟಿದರೆ ತುಸು ಒರಟು, ಬಣ್ಣ ಮಂಕು ಬೂದಿ. ಫಳಫಳ ಹೊಳೆದರೆ ಅದು ಪಾಲಿಶ್ ಸರಕು. ಸ್ಟೇನ್‌ಲೆಸ್ ಎಂದು ಕೊಟ್ಟದ್ದಕ್ಕೆ ಅಯಸ್ಕಾಂತ ಹಿಡಿಯಿರಿ. ತಂತಿ ಎಳೆಯುವಾಗ 304ಕ್ಕೂ ಚೂರು ಸೆಳೆತ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಟಪ್ಪೆಂದು ಅಂಟಿ ಬಿಡದೆ ಹೋದರೆ ವಾಪಸ್ ಕೊಡಿ.

ಒಂದೊಂದೇ ಗನ್

ಎಫ್30, ಎಫ್50: 18 ಗೇಜ್ ಬ್ರ್ಯಾಡ್, ಅಂದರೆ ತಲೆ ಇಲ್ಲದಂಥ ತೆಳು ಮೊಳೆ. ಕಡ್ಡಿ ಒಂದು ಎಂಎಂ ಚಿಲ್ಲರೆ. ಕಿಟಕಿಯ ಸುತ್ತಲಿನ ಪಟ್ಟಿ, ಮೂಲೆಯ ಬೀಡಿಂಗ್ ಅಂಟಿನ ಜೊತೆ ಕೂರಿಸಲು ಚೆಂದ. ಹೊದಿಕೆ ಹಲಗೆಗೆ ಬೇಡ.

ಟಿ50: 16 ಗೇಜ್, ಚಿಕ್ಕ ಟಿ ಆಕಾರದ ತಲೆ. ಎಫ್50ಗಿಂತ ಗಟ್ಟಿ ಎಂದು ಅಂಗಡಿಯವರು ಹೇಳುವುದು ನಿಜವೇ. ಬಾಗಿಲ ಚೌಕಟ್ಟಿನ ಪಟ್ಟಿಗೆ ನಾವೂ ಇದನ್ನೇ ಹೇಳುತ್ತೇವೆ. ಹಲಗೆಯನ್ನು ಒತ್ತಿ ಹಿಡಿಯುವ ತಲೆ ಇದಕ್ಕೂ ಇಲ್ಲ.

ಎಸ್‌ಟಿ64: ಇದು ಮೋಸ ಹೋಗಿಸುವ ಗನ್. ಮೊಳೆ 64 ಎಂಎಂವರೆಗೆ ಹೋಗುತ್ತದೆ, ಕಡ್ಡಿ 2.2 ಎಂಎಂ, ದುಂಡು ತಲೆಯೂ ಇದೆ. ಕಾಗದದ ಮೇಲೆ ಎಲ್ಲ ಸರಿ. ಆದರೆ ಇದು ಕಾಂಕ್ರೀಟಿಗೆ ಹೊಡೆಯಲು ಹದ ಕೊಟ್ಟ ಮೊಳೆ. ಬಾಗುವ ಬದಲು ಮುರಿಯುತ್ತದೆ, ಕಡ್ಡಿ ನುಣುಪು, ಹೊರಗೆ ತುಕ್ಕು ಬೇಗ. ಇದರಿಂದಲೇ ರೀಪನ್ನು ಗೋಡೆಗೆ ಹೊಡೆದುಬಿಡೋಣ ಎನ್ನುವವರೂ ಇದ್ದಾರೆ. ಆರ್‌ಸಿಸಿ ಕಂಬಕ್ಕೆ ಹಿಡಿಯಬಹುದು. ಇಟ್ಟಿಗೆ ಗೋಡೆಯಲ್ಲಿ ಪ್ಲಾಸ್ಟರ್ ಬಿರುಕು ಬಿಟ್ಟು ತಟ್ಟೆ ತಟ್ಟೆಯಾಗಿ ಏಳುತ್ತದೆ. ರೀಪಿಗೆ 8 ಎಂಎಂ ನೈಲಾನ್ ಪ್ಲಗ್ ಮತ್ತು 100 ಎಂಎಂ ಸ್ಕ್ರೂ ಹಾಕಿ: ರೀಪಿಗೆ 38, ಪ್ಲಾಸ್ಟರಿಗೆ 15 ಹೋದರೆ ಇಟ್ಟಿಗೆಯೊಳಗೆ 47 ಉಳಿಯುತ್ತದೆ. ಪ್ಲಾಸ್ಟರ್‌ನ ದಪ್ಪವನ್ನು ಹಿಡಿತದ ಲೆಕ್ಕಕ್ಕೆ ಸೇರಿಸಬಾರದು.

ಪಟ್ಟಿ ಮೊಳೆಯ ಫ್ರೇಮಿಂಗ್ ಗನ್‌ಗಳು ಪಟ್ಟಿಯ ಓರೆಗೆ ತಕ್ಕಂತೆ 21 ಡಿಗ್ರಿ, 30-34 ಡಿಗ್ರಿ ಎಂದೆಲ್ಲ ಬರುತ್ತವೆ. ಡಿವಾಲ್ಟ್ ಡಿಸಿಎನ್692 ಈ ಜಾತಿಯ ಬ್ಯಾಟರಿ ಗನ್. 50ರಿಂದ 90 ಎಂಎಂ ಮೊಳೆ, ಕಡ್ಡಿ 2.8ರಿಂದ 3.3 ಎಂಎಂ. ಮರದ ಚೌಕಟ್ಟಿನ ಮನೆ ಕಟ್ಟುವ ದೇಶಗಳಲ್ಲಿ ಕಂಬಕ್ಕೆ ಕಂಬ ಜೋಡಿಸಲು ಮಾಡಿದ್ದು. ತೆಳು ಹಲಗೆಗೆ ಇದರ ಪೆಟ್ಟು ಜಾಸ್ತಿ. ಏಣಿಯ ಮೇಲೆ ಒಂದೇ ಕೈಯಲ್ಲಿ ಹಿಡಿಯಲು ತೂಕವೂ ಜಾಸ್ತಿ. ಅದೇ ಕಂಪನಿಯ ಡಿಸಿಎನ್680 ಬ್ಯಾಟರಿ ಗನ್ ಹಗುರ, ಚೆಂದ, ಕಂಪ್ರೆಸರಿನ ಗದ್ದಲವಿಲ್ಲ. ಆದರೆ ಅದೂ 18 ಗೇಜ್ ಬ್ರ್ಯಾಡ್ ಗನ್ನೇ, 54 ಎಂಎಂವರೆಗೆ. ಬ್ಯಾಟರಿ ಇದೆ ಎಂದಮಾತ್ರಕ್ಕೆ ಮೊಳೆಗೆ ತಲೆ ಬರುವುದಿಲ್ಲ.

ಗ್ಯಾಸ್ ಕ್ಯಾನಿನ ಗನ್ ಬಗ್ಗೆ ಕೇಳುವವರಿಗೆ ಒಂದೇ ಮಾತು. ಕ್ಯಾನು ಉರಿಯುವ ವಸ್ತು, ಅದಕ್ಕೆ ವಾಯಿದೆಯೂ ಇರುತ್ತದೆ. ಊರಲ್ಲೇ ತಡೆಯಿಲ್ಲದೆ ಸಿಗುವ ಖಾತ್ರಿ ಇಲ್ಲದಿದ್ದರೆ ಕೈ ಹಾಕಬೇಡಿ.

ರೂಫಿಂಗ್ ಕಾಯಿಲ್ ಗನ್ ಎಂಬುದು ಇನ್ನೊಂದಿದೆ. ಹೆಸರಿನಲ್ಲಿ ಕಾಯಿಲ್ ಇದ್ದರೂ ಅದರ ಮೊಳೆ 45 ಎಂಎಂಗೆ ಮುಗಿಯುತ್ತದೆ. ಆನ್‌ಲೈನ್‌ನಲ್ಲಿ ತರಿಸುವವರು ಇದನ್ನು ನೋಡಿಕೊಳ್ಳಿ.

ಉಳಿದದ್ದು ಸಿಎನ್ ಸಾಲು. ಸಿಎನ್55 ಓಡಿಸುವ ಮೊಳೆ 25ರಿಂದ 57 ಎಂಎಂ, ಕಡ್ಡಿ 2.1ರಿಂದ 2.5. ಸಿಎನ್70 ಓಡಿಸುವುದು 45ರಿಂದ 70 ಎಂಎಂ. ಚಪ್ಪಟೆ ಹಲಗೆ ಮಾತ್ರ ಎಂದು ಖಚಿತವಾಗಿದ್ದರೆ ಸಿಎನ್55 ಸಾಕು, ಹಗುರವಾಗಿರುತ್ತದೆ, ಕಿಟಕಿಯ ಪಕ್ಕದ ಇಕ್ಕಟ್ಟಿಗೂ ಹೋಗುತ್ತದೆ. ಹಾಯುವ ಹಲಗೆ ಇದ್ದರೆ, ಅಥವಾ ಮುಂದೆ ಯಾವ ಕೆಲಸ ಬರುತ್ತದೋ ತಿಳಿಯದ ಬಡಿಗೇರರಾಗಿದ್ದರೆ, ಸಿಎನ್70 ಕೊಳ್ಳಿ. 50ರ ಮೊಳೆಯನ್ನೂ 65ರ ಮೊಳೆಯನ್ನೂ ಅದೊಂದೇ ನುಂಗುತ್ತದೆ. ಸಿಎನ್80 ಪ್ಯಾಲೆಟ್ ಕಾರ್ಖಾನೆಯ ಗನ್, ಗೋಡೆಗೆ ಅಷ್ಟು ಬೇಕಿಲ್ಲ.

ಹೊದಿಕೆ ಹಲಗೆಗೆಂದೇ ಮಾಡಿದ ಗನ್‌ಗಳೂ ಇವೆ: ಮಾಕಿಟಾ ಎಎನ್611, ಬೋಸ್ಟಿಚ್ ಎನ್66ಸಿ, ಮ್ಯಾಕ್ಸ್ ಕಂಪನಿಯ ಸಿಎನ್565ಎಸ್. ಮೂರೂ 32ರಿಂದ 64 ಎಂಎಂವರೆಗಿನ ತಂತಿ ಕಾಯಿಲ್ ಮೊಳೆ ಓಡಿಸುತ್ತವೆ, ತೂಕ ಎರಡೂಕಾಲು ಕೆಜಿ ಆಸುಪಾಸು. 65ರ ಬದಲು 64 ಹಾಕಿದರೂ ಹಾಯುವ ಹಲಗೆಗೆ 30 ಎಂಎಂ ಹಿಡಿತ ಸಿಗುತ್ತದೆ. ಅಂದರೆ ಸಿಎನ್55ರ ತೂಕದಲ್ಲಿ ಸಿಎನ್70ರ ಕೆಲಸ. ಕೈಗೆ ಸಿಕ್ಕಿ, ಬಿಡಿಭಾಗ ತರಿಸಿಕೊಡುವ ಅಂಗಡಿಯೂ ಸಿಕ್ಕರೆ ನಮ್ಮ ಮೊದಲ ಆಯ್ಕೆ ಇವೇ. ಬಿಡಿಭಾಗದ ಭರವಸೆ ಇಲ್ಲದಿದ್ದರೆ ದೊಡ್ಡ ಹೆಸರಿಗಿಂತ ಸಾಮಾನ್ಯ ಸಿಎನ್70 ವಾಸಿ. ಅದರ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ), ಮೊಳೆಗೆ ಪೆಟ್ಟು ಕೊಡುವ ಡ್ರೈವರ್ ಬ್ಲೇಡ್ ಒಂದು ಬ್ರ್ಯಾಂಡಿನದು ಇನ್ನೊಂದಕ್ಕೆ ಹೊಂದುವುದುಂಟು, ಏರ್ ಟೂಲ್ ರಿಪೇರಿ ಮಾಡುವವರಿಗೂ ಅದು ಪರಿಚಿತ ಸಾಮಾನು.

ಅಂಗಡಿಯಲ್ಲಿ ಪರೀಕ್ಷೆ

ಅಂಗಡಿಗೆ ಹೋಗುವಾಗ ನಿಮ್ಮದೇ ಹಲಗೆಯ ಒಂದು ತುಂಡು, ರೀಪಿನ ಒಂದು ತುಂಡು ಒಯ್ಯಿರಿ. ಕೇಳಬೇಕಾದ ಮೊದಲ ಪ್ರಶ್ನೆ, "ಸಾವಕಾರ್ರ, ಇದರಾಗ ತಲಿ ಇರೋ ಐವತ್ತರ ಮೊಳಿ, ಅರವತ್ತೈದರ ಮೊಳಿ ಎರಡೂ ಓಡತಾವೇನ್ರಿ?" ಎರಡನೆಯದು, "ಸ್ಟೇನ್‌ಲೆಸ್ ಕಾಯಿಲ್ ತರಿಸಿ ಕೊಡ್ತೀರೇನ್ರಿ?" ಈ ಎರಡಕ್ಕೂ ಹೌದು ಎಂದರೆ ಮಾತ್ರ ಬೆಲೆಯ ಮಾತು.

ಆಮೇಲೆ ಟ್ರಿಗರ್. ಗನ್‌ನ ಮೂತಿಯನ್ನು ಮರಕ್ಕೆ ಒತ್ತಿದ ಮೇಲೆ ಟ್ರಿಗರ್ ಎಳೆದರೆ ಮಾತ್ರ ಹೊಡೆಯುವುದು ಸೀಕ್ವೆನ್ಷಿಯಲ್. ಟ್ರಿಗರ್ ಎಳೆದು ಹಿಡಿದೇ ಇದ್ದು ಮೂತಿ ತಾಗಿದಲ್ಲೆಲ್ಲ ಹೊಡೆಯುವುದು ಬಂಪ್. ಪ್ಯಾಲೆಟ್‌ನವರಿಗೆ ಬಂಪ್ ಬೇಕು, ದಿನಕ್ಕೆ ಸಾವಿರಾರು ಮೊಳೆ ಹೊಡೆಯುವವರು ಅವರು. ಏಣಿಯ ಮೇಲೆ ನಿಂತು ಹಲಗೆ ಹೊಡೆಯುವವರಿಗೆ ಅದು ಅಪಾಯ. ಗನ್ ಹಿಂದಕ್ಕೆ ಒದ್ದು ಮತ್ತೆ ಮರಕ್ಕೆ ತಾಗಿದರೆ ಎರಡನೆಯ ಮೊಳೆ ತಾನಾಗೇ ಹಾರುತ್ತದೆ. ಅಂಗಡಿಯಲ್ಲೇ ನೋಡಿ: ಕಾಯಿಲ್ ತೆಗೆದು, ಗಾಳಿ ಜೋಡಿಸಿ, ಟ್ರಿಗರ್ ಮೊದಲು ಎಳೆದು ಹಿಡಿದು ಆಮೇಲೆ ಮೂತಿಯನ್ನು ತುಂಡಿಗೆ ಒತ್ತಿ. ಹೊಡೆಯಿತೆಂದರೆ ಅದು ಬಂಪ್. ಟ್ರಿಗರ್ ಬದಲಿಸಿ ಸೀಕ್ವೆನ್ಷಿಯಲ್ ಮಾಡಲು ಆಗುತ್ತದೆಯೇ ಕೇಳಿ, ಆಗದಿದ್ದರೆ ಬೇರೆ ಗನ್ ನೋಡಿ.

ಆಳ ಹೊಂದಿಸುವ ತಿರುಗಣೆ ಮೂತಿಯ ಬಳಿಯೇ ಇರಬೇಕು, ಸ್ಪ್ಯಾನರ್ ಇಲ್ಲದೆ ಕೈಬೆರಳಿಂದ ತಿರುಗಬೇಕು. ಇದೊಂದು ಇಲ್ಲದ ಸಿಎನ್ ಗನ್‌ಗಳು ಬಹಳ ಇವೆ. ಗಾಳಿಯ ಒತ್ತಡ ಹೆಚ್ಚು ಕಡಿಮೆ ಮಾಡಿಯೇ ಆಳ ಹೊಂದಿಸಿ ಎನ್ನುತ್ತಾರೆ. ಗಂಟು ಬಂದಲ್ಲಿ ಒಮ್ಮೆ, ಮೆದು ಬಂದಲ್ಲಿ ಒಮ್ಮೆ ಏಣಿ ಇಳಿದು ಕಂಪ್ರೆಸರ್ ಬಳಿ ಹೋಗಿ ಬರುವವರು ಯಾರು? ಮೂತಿಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಟೋಪಿ ಇದೆಯೇ ನೋಡಿ, ಇಲ್ಲದಿದ್ದರೆ ಸಾಗವಾನಿಯ ಮೇಲೆ ಪ್ರತಿ ಮೊಳೆಗೂ ಹಲ್ಲಿನ ಗುರುತು ಬೀಳುತ್ತದೆ.

ನಿಮ್ಮ ತುಂಡುಗಳ ಮೇಲೆ ಹತ್ತು ಮೊಳೆ ಹೊಡೆದು ಬೆರಳು ಸವರಿ. ತಲೆ ಹಲಗೆಯ ಮಟ್ಟಕ್ಕೆ ಸರಿಯಾಗಿ ಕೂಡಬೇಕು. ಒಳಕ್ಕೆ ಇಳಿದರೆ ಅಲ್ಲಿ ಬಟ್ಟಲು ಆಗಿ ನೀರು ನಿಲ್ಲುತ್ತದೆ, ತಲೆಯ ಕೆಳಗಿನ ನಾರು ಹರಿದಿರುವುದರಿಂದ ಹಿಡಿತವೂ ತಗ್ಗುತ್ತದೆ. ಹತ್ತರಲ್ಲಿ ಒಂದೆರಡು ಚೂರು ಎದ್ದು ನಿಂತರೆ ಅದು ದೋಷವಲ್ಲ, ಸುತ್ತಿಗೆಯ ಒಂದು ಏಟಿನ ಕೆಲಸ. ಎದ್ದದ್ದನ್ನು ಕೂರಿಸಬಹುದು, ಇಳಿದದ್ದನ್ನು ಎಬ್ಬಿಸಲಾಗದು. ಆದ್ದರಿಂದ ಗನ್ ಅನ್ನು ತುಸು ಕಡಿಮೆ ಆಳಕ್ಕೇ ಇಡಿ. ಕೊನೆಗೆ ಗನ್‌ನ ತಲೆಯ ಕ್ಯಾಪಿನ ಸುತ್ತ ಸೋಪಿನ ನೊರೆ ಹಚ್ಚಿ. ಗುಳ್ಳೆ ಬಂದರೆ ಗ್ಯಾಸ್ಕೆಟ್ ಸೋರುತ್ತಿದೆ.

ಕಂಪ್ರೆಸರ್, ಪೈಪು, ಕರೆಂಟು

ದೊಡ್ಡ ಕಂಪ್ರೆಸರ್ ಬೇಕು ಎಂದು ಹೆದರಿಸುವವರಿದ್ದಾರೆ, ಬೇಕಿಲ್ಲ. ಈ ಗನ್ ಒಂದು ಮೊಳೆಗೆ ಸುಮಾರು 2 ಲೀಟರ್ ಗಾಳಿ ಕುಡಿಯುತ್ತದೆ. 25 ಲೀಟರ್ ಟ್ಯಾಂಕು 8 ಬಾರ್‌ನಿಂದ 6 ಬಾರ್‌ಗೆ ಇಳಿಯುವಷ್ಟರಲ್ಲಿ 50 ಲೀಟರ್ ಗಾಳಿ ಕೊಡುತ್ತದೆ, ಅಂದರೆ 25 ಮೊಳೆ. ಹಲಗೆ ಹಿಡಿದು, ಮಟ್ಟ ನೋಡಿ, ಹೊಡೆಯುವ ಒಬ್ಬ ಬಡಿಗೇರ ನಿಮಿಷಕ್ಕೆ ಹತ್ತು ಮೊಳೆ ದಾಟುವುದು ಕಷ್ಟ. 1 ಎಚ್‌ಪಿ, 25 ಲೀಟರಿನ ಆಯಿಲ್-ಫ್ರೀ ಕಂಪ್ರೆಸರ್ ಒಂದು ಗನ್‌ಗೆ ಧಾರಾಳ. ಎರಡು ಗನ್ ಒಟ್ಟಿಗೆ ನಡೆಸುವುದಾದರೆ 2 ಎಚ್‌ಪಿ, 50 ಲೀಟರ್ ನೋಡಿ.

ಒತ್ತಡ 6 ಬಾರ್, ಅಂದರೆ 85-90 ಪಿಎಸ್‌ಐನಿಂದ ಶುರು ಮಾಡಿ. ಮತ್ತಿಗೆ 7 ಬೇಕಾದೀತು. ಗನ್‌ನ ಮೈಮೇಲೆ ಬರೆದ ಗರಿಷ್ಠ ಮಿತಿ ದಾಟಬೇಡಿ, ಸಾಮಾನ್ಯವಾಗಿ ಅದು 8 ಬಾರ್ ಸುಮಾರಿಗೆ ಇರುತ್ತದೆ.

ಪೈಪಿನ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 8 ಎಂಎಂ ಪಿಯು ಪೈಪ್ ಎಂದು ಕೊಡುವುದರ ಹೊರ ವ್ಯಾಸ 8, ಗಾಳಿ ಹಾಯುವ ಒಳ ವ್ಯಾಸ ಬರೀ 5 ಎಂಎಂ. ಹದಿನೈದು ಮೀಟರ್ ಉದ್ದಕ್ಕೆ ಅದನ್ನು ಎಳೆದರೆ ಗೇಜ್‌ನಲ್ಲಿ 7 ಬಾರ್ ತೋರಿಸಿದರೂ ಹೊಡೆಯುವ ಕ್ಷಣದಲ್ಲಿ ಗನ್‌ಗೆ ಅಷ್ಟು ಮುಟ್ಟುವುದಿಲ್ಲ. ಮೊದಲ ಮೊಳೆ ಸರಿ ಕೂಡುತ್ತದೆ, ಬೆನ್ನಿಗೇ ಹೊಡೆದ ಎರಡನೆಯದು ಅರ್ಧಕ್ಕೆ ನಿಲ್ಲುತ್ತದೆ. ಗನ್ ಕೆಟ್ಟಿದೆ ಎಂದು ವಾಪಸ್ ಹೋಗುವ ಎಷ್ಟೋ ಗನ್‌ಗಳ ಕಾಯಿಲೆ ಇದೇ. ಹೊರಗೆ 12, ಒಳಗೆ 8 ಇರುವ ಪೈಪ್ ಕೇಳಿ.

ಕಂಪ್ರೆಸರನ್ನು ಬೋರ್ಡಿನ ಹತ್ತಿರವೇ ಇಟ್ಟು ಗಾಳಿ ಪೈಪನ್ನು ಉದ್ದ ಮಾಡಿ, ಕರೆಂಟ್ ವೈರನ್ನಲ್ಲ. ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟಾರು ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ, ಮೋಟಾರಿನ ವೈಂಡಿಂಗ್ ಸುಡುತ್ತದೆ. ಉದ್ದ ವೈರ್ ಬೇಕೇ ಬೇಕೆಂದರೆ 2.5 ಚದರ ಎಂಎಂ ತಂತಿ ಹಾಕಿ. ಹಳ್ಳಿಗಳಲ್ಲಿ ಪಂಪ್‌ಸೆಟ್ ಶುರುವಾದ ಮೇಲೆ ವೋಲ್ಟೇಜ್ ಇಳಿಯುತ್ತದೆ, ಅದಕ್ಕೆ ಮೊದಲೇ ಕೆಲಸ ಮುಗಿಸುವುದು ಮೇಲು. ಕಂಪ್ರೆಸರ್ ನಿಂತಾಗ ಪುಸ್ ಎಂದು ಚೂರು ಗಾಳಿ ಬಿಡಬೇಕು. ಬಿಡದಿದ್ದರೆ ಅನ್‌ಲೋಡರ್ ವಾಲ್ವ್ ಕೈಕೊಟ್ಟಿದೆ, ಮುಂದಿನ ಸಲ ಮೋಟಾರು ತುಂಬಿದ ಒತ್ತಡದ ಎದುರು ಏಳಬೇಕಾಗುತ್ತದೆ.

ಜೋಡಣೆಯಲ್ಲಿ ಒಂದು ಪ್ರಾಣದ ವಿಷಯವಿದೆ. ಗನ್‌ಗೆ ಹಾಕಬೇಕಾದದ್ದು ಗಂಡು ಪ್ಲಗ್, ತಾನಾಗಿ ಮುಚ್ಚಿಕೊಳ್ಳುವ ಹೆಣ್ಣು ಕಪ್ಲರ್ ಪೈಪಿನ ತುದಿಗೆ. ತಿರುವುಮುರುವಾದರೆ ಪೈಪ್ ಬಿಚ್ಚಿದ ಮೇಲೂ ಗನ್ ಒಳಗೆ ಗಾಳಿ ಉಳಿದು, ಸಿಕ್ಕಿಬಿದ್ದ ಮೊಳೆ ಕೀಳಲು ಬೆರಳು ಹಾಕಿದಾಗ ಅದು ಹೊಡೆಯಬಹುದು. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರಾಗಲಿ ಬೇರೆ ಯಾವ ಗ್ಯಾಸಾಗಲಿ ಈ ಗನ್‌ಗೆ ಜೋಡಿಸಲೇಬಾರದು. ಆಕ್ಸಿಜನ್ ಹಾಗೂ ಒಳಗಿನ ಎಣ್ಣೆ ಸೇರಿದರೆ ಗನ್ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಯೇ ಹೊಡೆಯಿರಿ. ಕಾಯಿಲಿನ ತಂತಿಯ ಚೂರು ಪ್ರತಿ ಏಟಿಗೂ ಹಾರುತ್ತದೆ.

ಹಲಗೆ ಬದಲಿಸುವಾಗ

ನಡುವಿನ ಒಂದೇ ಹಲಗೆ ಕೊಳೆತಿದ್ದರೆ ಅದರ ಮೇಲಿನ ಹಲಗೆಯ ಅಂಚನ್ನು ತೆಳು ಬೆಣೆ ಕೊಟ್ಟು ಎತ್ತಿ. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಸಂದಿಯಲ್ಲಿ ತೂರಿಸಿ ಹಳೆ ಮೊಳೆಗಳನ್ನು ಕೊಯ್ಯಿರಿ. ಮೀಟಿ ಕಿತ್ತರೆ ಪಕ್ಕದ ಒಳ್ಳೆಯ ಹಲಗೆಯೂ ಸೀಳುತ್ತದೆ. ರೀಪಿನಲ್ಲಿ ಉಳಿದ ಮೊಳೆಯ ಮೋಟು ಇದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹೊಸ ಮೊಳೆ ಅದಕ್ಕೆ ತಾಗಿದರೆ ಪಕ್ಕಕ್ಕೆ ಹಾರುತ್ತದೆ. ರೀಪಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಗೆದ್ದಲೋ ಕೊಳೆಯೋ ಆಗಿದೆ, ಹಲಗೆಗಿಂತ ಮೊದಲು ರೀಪು ಬದಲಿಸಬೇಕು.

ಹಾಯುವ ಹಲಗೆಯಲ್ಲಿ ಒಂದು ರೀಪಿಗೆ ಒಂದೇ ಮೊಳೆ. ಅದು ಕೆಳಗಿನ ಹಲಗೆಯ ಮೇಲಂಚಿಗಿಂತ 10 ಎಂಎಂ ಮೇಲೆ ಬೀಳಬೇಕು, ಎರಡು ಹಲಗೆಯನ್ನೂ ಸೇರಿಸಿ ಹೊಡೆಯಬಾರದು. ಏಪ್ರಿಲ್-ಮೇ ಬಿಸಿಲಿಗೆ ಒಣಗಿದ ಹಲಗೆ ಜುಲೈನ ಜಿಟಿಜಿಟಿಗೆ ಅಗಲವಾಗುತ್ತದೆ. ಎರಡೂ ಕಡೆ ಹಿಡಿದಿದ್ದರೆ ನಡುವೆ ಸೀಳದೆ ಬೇರೆ ದಾರಿಯಿಲ್ಲ ಅದಕ್ಕೆ. ಇದೇ ಕಾರಣಕ್ಕೆ ಬೇಸಿಗೆಯಲ್ಲಿ ಟಂಗ್ ಆಂಡ್ ಗ್ರೂವ್ ಕೂರಿಸುವವರು 2-3 ಎಂಎಂ ಸಂದು ಬಿಡಬೇಕು. ಹಲಗೆಯ ತುದಿಯಿಂದ 50 ಎಂಎಂ ಜಾಗ ಬಿಟ್ಟು ಹೊಡೆಯಿರಿ. ಅಷ್ಟು ಜಾಗ ಸಿಗದ ಜೋಡಣೆಯಲ್ಲಿ, ಮತ್ತಿ ಹಲಗೆಯಲ್ಲಂತೂ ಎಲ್ಲ ತುದಿಗಳಲ್ಲೂ, 2 ಎಂಎಂ ಬಿಟ್‌ನಿಂದ ತೂತು ಕೊರೆದು ಕೈಯಿಂದ ಹೊಡೆಯುವುದೇ ಸರಿ. ಗನ್ ಎಷ್ಟೇ ಒಳ್ಳೆಯದಿರಲಿ, ಈ ಕೆಲಸ ಅದರದಲ್ಲ. ಹಾಯುವ ಹಲಗೆಯ ಹಿಂದೆ ಪೊಳ್ಳು ಇರುವುದರಿಂದ ಅಲ್ಲಿ ಆಳ ಇನ್ನಷ್ಟು ಕಡಿಮೆ ಇಡಿ. ಹೆಚ್ಚಾದರೆ ಹಲಗೆ ಹಿಂದಕ್ಕೆ ಬಾಗಿ ಉದ್ದಕ್ಕೂ ಬಿರುಕು ಬಿಡುತ್ತದೆ.

ಹತ್ತು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದದ ಗೋಡೆಗೆ ಎಷ್ಟು ಮೊಳೆ? ಹಲಗೆಯ ಕಾಣುವ ಭಾಗ 120 ಎಂಎಂ ಆದರೆ 25 ಸಾಲು. ರೀಪು 450 ಎಂಎಂಗಿಂತ ದೂರ ಇರದಂತೆ ಇಟ್ಟರೆ 15 ರೀಪು. 375 ಮೊಳೆ, ಪ್ರತಿ ಸಾಲಿನ ನಡುವಿನ ಜೋಡಣೆಗೆ ಒಂದೊಂದು ಸೇರಿಸಿ 400, ಹಾಳಾಗುವುದಕ್ಕೆ ಹತ್ತರಲ್ಲಿ ಒಂದು ಹಿಡಿದರೆ 440. ಒಂದು ಕಾಯಿಲಿನಲ್ಲಿ 300 ಬಂದರೆ ಎರಡು ಕಾಯಿಲ್. ಚಪ್ಪಟೆಯಾಗಿ ಕೂಡುವ ಅಗಲ ಹಲಗೆಗೆ ರೀಪಿಗೆ ಎರಡು ಮೊಳೆ ಬೇಕಾಗುವುದರಿಂದ ಮೂರು ಕಾಯಿಲ್ ತನ್ನಿ.

ಕೈಕೊಡುವುದು ಎಲ್ಲಿ

ಮೊಳೆ ಸಿಕ್ಕಿಕೊಳ್ಳುವುದಕ್ಕೆ ಹೆಚ್ಚಿನ ಸಲ ಕಾಯಿಲೇ ಕಾರಣ. ಚೀಲದಲ್ಲಿ ಬಿದ್ದು ತಂತಿ ಸೊಟ್ಟಗಾದ ಕಾಯಿಲ್ ಓಡುವುದಿಲ್ಲ, ಆ ಭಾಗ ಕತ್ತರಿಸಿ ಬಿಸಾಡಿ. ಮೊಳೆಯ ಉದ್ದಕ್ಕೆ ತಕ್ಕಂತೆ, ಗನ್‌ನಲ್ಲಿ ಕಾಯಿಲ್ ಕೂರುವ ಡಬ್ಬಿಯೊಳಗಿನ ತಟ್ಟೆಯನ್ನು ಮೇಲೆ ಕೆಳಗೆ ಮಾಡಬೇಕು. 65ರಿಂದ 50ಕ್ಕೆ ಬಂದಾಗ ಇದನ್ನು ಮರೆತರೆ ಪ್ರತಿ ಮೂರನೆಯ ಮೊಳೆ ಅಡ್ಡ ಬೀಳುತ್ತದೆ. ಮೊಳೆಯ ತಲೆಯ ಮೇಲೆ ಅರ್ಧಚಂದ್ರದ ಗುರುತು ಕಾಣತೊಡಗಿದರೆ ಡ್ರೈವರ್ ಬ್ಲೇಡಿನ ತುದಿ ಸವೆದಿದೆ. ಹೊಡೆದಾಗ ಲೋಹಕ್ಕೆ ಲೋಹ ಬಡಿದ ಸದ್ದು ಬಂದರೆ ಒಳಗಿನ ಬಂಪರ್ ರಬ್ಬರ್ ಪುಡಿಯಾಗಿದೆ, ಆ ಸ್ಥಿತಿಯಲ್ಲಿ ಓಡಿಸಿದರೆ ಮೈಯೇ ಸೀಳುತ್ತದೆ. ಟ್ರಿಗರ್ ಬಳಿ ಸುಯ್ ಎನ್ನುವುದು ಓ-ರಿಂಗ್. ಬಂಪರ್, ಬ್ಲೇಡ್, ಓ-ರಿಂಗ್ ಕಿಟ್ ಮೂರನ್ನೂ ಗನ್ ಜೊತೆಗೇ ಕೊಂಡಿಡಿ.

ಬೆಳಿಗ್ಗೆ ಗಾಳಿಯ ಬಾಯಿಗೆ ನಾಲ್ಕು ಹನಿ ಏರ್ ಟೂಲ್ ಎಣ್ಣೆ. ಎಂಜಿನ್ ಆಯಿಲ್ ದಪ್ಪ, ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ತುಕ್ಕು ಬಿಡಿಸುವ ಸ್ಪ್ರೇ ಅಲ್ಲಿರುವ ಎಣ್ಣೆಯನ್ನೇ ತೊಳೆದುಹಾಕುತ್ತದೆ. ಸಂಜೆ ಟ್ಯಾಂಕಿನ ತಳದ ನಲ್ಲಿ ಬಿಚ್ಚಿ ನೀರು ಬಿಡಿ. ಮಳೆಗಾಲದಲ್ಲಿ ಧಾರವಾಡದ ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದರೆ ಮಧ್ಯಾಹ್ನವೂ ಒಮ್ಮೆ ಬಿಡಬೇಕಾಗುತ್ತದೆ. ಬಿಡದಿದ್ದರೆ ಆ ನೀರು ಗನ್ ಒಳಗೆ ಹೋಗಿ ಎಣ್ಣೆಯನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತದೆ.

ಇನ್ನು ಬದಲಿಸಬೇಕಾದ್ದು ನಾಲ್ಕೈದು ಹಲಗೆ ಮಾತ್ರ ಎಂದಿದ್ದರೆ ಗನ್ ಕೊಳ್ಳುವುದೇ ಬೇಡ. ನೂರು ಮೊಳೆಯ ಕೆಲಸಕ್ಕೆ ಸ್ಟೇನ್‌ಲೆಸ್ ಬಿಡಿ ಮೊಳೆ, ಡ್ರಿಲ್, ಸುತ್ತಿಗೆ ಸಾಕು. ಒಂದು ಗೋಡೆ ಪೂರ್ತಿ ಇದ್ದರೆ ಬಾಡಿಗೆಗೆ ವಿಚಾರಿಸಿ, ಮೊಳೆ ಮಾತ್ರ ನಿಮ್ಮದೇ ಒಯ್ಯಿರಿ. ಬಾಡಿಗೆ ಗನ್ ಜೊತೆ ಕೊಡುವ ಅರ್ಧ ಬಳಸಿದ ಕಾಯಿಲ್ ಪ್ಯಾಲೆಟ್ ಮೊಳೆಯಾಗಿರುವ ಸಂಭವವೇ ಹೆಚ್ಚು. ಅದರಲ್ಲಿನ ಹತ್ತು ಮೊಳೆ ನಿಮ್ಮ ಗೋಡೆಗೆ ಸೇರಿದರೂ ಯಾವ ಹತ್ತು ಎಂಬುದನ್ನು ಮೊದಲ ಮಳೆಯೇ ತೋರಿಸಿಕೊಡುತ್ತದೆ.